ರೇಖೆಯ ಅಚ್ಚಿಲ್ಲದೆ ವೇಗವನ್ನು ಮುದ್ರಿಸುವುದು: ಕ್ಲಾಡ್ ಫ್ಲೈಟ್ ಅವರ ‘ಸ್ಪೀಡ್’ ಹಾದಿಯಲ್ಲಿ ನಾಲ್ಕು ಅಚ್ಚುಗಳ ಲಿನೋಕಟ್, ಒಂದು ಸಮಗ್ರ ಮಾರ್ಗದರ್ಶಿ

ಇಂಗ್ಲಿಷ್ ಕಲಾವಿದ ಕ್ಲಾಡ್ ಫ್ಲೈಟ್ 1922ರ ಸುಮಾರಿಗೆ ಲಂಡನ್ನಿನ ರೀಜೆಂಟ್ ಬೀದಿಯಲ್ಲಿ ಓಡುವ ಬಸ್ಸುಗಳನ್ನು ವಿಷಯವಾಗಿಟ್ಟುಕೊಂಡು ‘ಸ್ಪೀಡ್’ ಎಂಬ ಬಣ್ಣದ ಲಿನೋಕಟ್, ಎಂದರೆ ಲಿನೋಲಿಯಂ ಹಾಳೆಯನ್ನು ಕೊರೆದು ಮಾಡಿದ ಅಚ್ಚಿನಿಂದ ಮುದ್ರಿಸಿದ ಚಿತ್ರ, ಮಾಡಿದರು. ಕೋಬಾಲ್ಟ್ ನೀಲಿ, ಹಳದಿ ಓಕರ್, ವರ್ಮಿಲಿಯನ್ ಕೆಂಪು ಮತ್ತು ಪ್ರಷ್ಯನ್ ನೀಲಿ ಎಂಬ ನಾಲ್ಕು ಬಣ್ಣಗಳಿಗೆ ನಾಲ್ಕು ಲಿನೋ ಅಚ್ಚುಗಳನ್ನು ಕೊರೆದು, ಒಂದರ ಮೇಲೊಂದರಂತೆ ತೆಳುವಾದ ಕಾಗದಕ್ಕೆ ಒತ್ತಿ ತೆಗೆದ ಚಿತ್ರ ಅದು. ಅದರಲ್ಲಿ ಆಕಾರಗಳ ಅಂಚನ್ನು ಹಿಡಿದಿಡುವ ಕಪ್ಪು ರೇಖೆಯ ಅಚ್ಚು ಇಲ್ಲವೆಂಬುದನ್ನು ಮೊದಲ ನೋಟದಲ್ಲಿ ಗಮನಿಸದವರೇ ಹೆಚ್ಚು. ಮುದ್ರಣಕಲೆಯ ಚರಿತ್ರೆಯಲ್ಲಿ ಈ ಚಿತ್ರಕ್ಕೆ ಸ್ಥಾನ ದೊರಕಿಸಿಕೊಟ್ಟದ್ದು ಅದರ ಬಸ್ಸುಗಳಿಗಿಂತ ಹೆಚ್ಚಾಗಿ ಈ ಗೈರುಹಾಜರಿಯೇ ಎಂಬುದು ನನ್ನ ತಿಳಿವಳಿಕೆ. ಆ ವಿಧಾನವನ್ನು ಮನೆಯ ಮೇಜಿನ ಮೇಲೆ, ಯಂತ್ರದ ನೆರವಿಲ್ಲದೆ ಮಾಡಿ ನೋಡುವ ಬಗೆಯನ್ನು ಮುಂದೆ ಹಂತ ಹಂತವಾಗಿ ವಿವರಿಸಿದೆ. ಪ್ರತಿ ಹಂತದ ಹಿಂದಿರುವ ಚರಿತ್ರೆಯನ್ನೂ ಜೊತೆಗೇ ಹೇಳಿದೆ, ಏಕೆಂದರೆ ಇಲ್ಲಿ ಕೈಕೆಲಸದ ನಿಯಮಗಳೆಲ್ಲ ಆ ಚರಿತ್ರೆಯಿಂದಲೇ ಹುಟ್ಟಿಕೊಂಡಿವೆ.

ಒಂದನೆಯ ಹಂತ: ಮೂಲ ಚಿತ್ರವನ್ನು ಬಿಡಿಸಿ ನೋಡುವುದು

ಉಳಿಯನ್ನು ಕೈಗೆತ್ತಿಕೊಳ್ಳುವ ಮೊದಲು ‘ಸ್ಪೀಡ್’ ಚಿತ್ರದ ಒಳ್ಳೆಯ ಪ್ರತಿಯೊಂದನ್ನು ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದಾಗಿ ತೆರೆದಿಟ್ಟುಕೊಳ್ಳಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಹಾಗೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸಂಗ್ರಹಗಳಲ್ಲಿ ಇದರ ಪ್ರತಿಗಳಿವೆ. ಮೊದಲು ಕಟ್ಟಡಗಳನ್ನು ನೋಡಿ. ಅವು ನೆಟ್ಟಗೆ ನಿಂತಿಲ್ಲ. ಬಸ್ಸಿನ ಓಟಕ್ಕೆ ಸಿಕ್ಕಿಕೊಂಡಂತೆ ಬಾಗಿವೆ. ವಾಹನದ ಚಲನೆಯನ್ನು ವಾಹನದಲ್ಲಿ ಮಾತ್ರವಲ್ಲದೆ ಅದರ ಸುತ್ತಲಿನ ಸ್ಥಿರ ವಸ್ತುಗಳಲ್ಲಿಯೂ ತೋರಿಸುವ ಈ ಉಪಾಯ ಇಟಲಿಯ ಫ್ಯೂಚರಿಸ್ಟ್ ಪಂಥದಿಂದ ಬಂದದ್ದು. ಆ ಪಂಥದ ಚಿತ್ರಗಳು 1912ರಲ್ಲಿ ಲಂಡನ್ನಿನ ಸ್ಯಾಕ್‌ವಿಲ್ ಗ್ಯಾಲರಿಯಲ್ಲಿ ಪ್ರದರ್ಶನಗೊಂಡು ಬಹಳ ಗದ್ದಲ ಎಬ್ಬಿಸಿದ್ದವು. ಎರಡು ವರ್ಷಗಳ ನಂತರ, 1914ರಲ್ಲಿ, ಯಂತ್ರಯುಗದ ಓಟವನ್ನು ಕೋನಾಕಾರಗಳಲ್ಲಿ ಹಿಡಿಯುವ, ಇಂಗ್ಲೆಂಡಿನದೇ ಆದ ವೋರ್ಟಿಸಿಸಂ ಪಂಥ ತಲೆಯೆತ್ತಿತು. ಮಹಾಯುದ್ಧ ಅದನ್ನು ಬೇಗನೆ ಚದುರಿಸಿತು. ಫ್ಯೂಚರಿಸ್ಟರು ಯುದ್ಧವನ್ನೂ ಯಂತ್ರವನ್ನೂ ಹಾಡಿ ಹೊಗಳಿದವರು. ಯುದ್ಧ ಮುಗಿದ ಮೇಲೆ ಕೆಲಸಕ್ಕೆ ಕುಳಿತ ಫ್ಲೈಟ್, ಆ ಫ್ಯೂಚರಿಸ್ಟರಿಂದ ಚಲನೆಯ ವ್ಯಾಕರಣವನ್ನು ಮಾತ್ರ ಪಡೆದು, ಅದನ್ನು ಜನಸಾಮಾನ್ಯರು ದಿನವೂ ಹತ್ತಿ ಇಳಿಯುವ ಬಸ್ಸಿಗೆ ಹೊಂದಿಸಿದರು.

ನಂತರ ಬಣ್ಣಗಳನ್ನು ಒಂದೊಂದಾಗಿ ಹುಡುಕಿ. ಒಂದು ಬಣ್ಣ ಒಂಟಿಯಾಗಿ ಎಲ್ಲಿದೆ, ಎರಡು ಬಣ್ಣಗಳು ಒಂದರ ಮೇಲೊಂದು ಬಿದ್ದು ಮೂರನೆಯದೊಂದು ಛಾಯೆ ಎಲ್ಲಿ ಹುಟ್ಟಿದೆ, ಯಾವ ಬಣ್ಣವೂ ಬೀಳದೆ ಕಾಗದದ ಬಿಳಿ ಎಲ್ಲಿ ಉಳಿದಿದೆ ಎಂಬುದನ್ನು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಇದನ್ನು ಅರ್ಧ ಗಂಟೆ ಶ್ರದ್ಧೆಯಿಂದ ಮಾಡಿದವರಿಗೆ ಮುಂದಿನ ಮೂರನೆಯ ಹಂತ ಬಹುಮಟ್ಟಿಗೆ ಸುಲಭವಾಗುತ್ತದೆ.

ಎರಡನೆಯ ಹಂತ: ಲಿನೋವನ್ನು ತಿಳಿದು ಕೊಳ್ಳುವುದು

ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ಲಿನೋಲಿಯಂ ಮೂಲತಃ ನೆಲಕ್ಕೆ ಹಾಸುವ ವಸ್ತು. ಗಾಳಿಗೊಡ್ಡಿ ಗಟ್ಟಿಯಾಗಿಸಿದ ಅಗಸೆ ಎಣ್ಣೆಗೆ ರಾಳ ಮತ್ತು ಬೆಂಡಿನ (ಕಾರ್ಕ್) ಪುಡಿ ಸೇರಿಸಿ, ಸೆಣಬಿನ ಒರಟು ಬಟ್ಟೆಯ ಮೇಲೆ ಒತ್ತಿ ಅದನ್ನು ತಯಾರಿಸುತ್ತಾರೆ. ಮರಕ್ಕೆ ಎಳೆಗಳಿರುತ್ತವೆ, ಎಳೆಯ ಉದ್ದಕ್ಕೆ ಕೊರೆಯುವಾಗ ಉಳಿ ಜಾರುತ್ತದೆ, ಅಡ್ಡಕ್ಕೆ ಕೊರೆಯುವಾಗ ತಡೆಯುತ್ತದೆ. ಲಿನೋದಲ್ಲಿ ಎಳೆ ಇಲ್ಲದಿರುವುದರಿಂದ ಉಳಿ ಯಾವ ದಿಕ್ಕಿಗಾದರೂ ಒಂದೇ ಹದದಲ್ಲಿ ಸಾಗುತ್ತದೆ. ‘ಸ್ಪೀಡ್’ ಚಿತ್ರದ ಉದ್ದನೆಯ ಬಾಗುಗಳನ್ನು ಮರದಲ್ಲಿ ಕೊರೆಯಲು ಅಸಾಧ್ಯವೇನಿಲ್ಲ, ಆದರೆ ಲಿನೋದಲ್ಲಿ ಅವು ತಾವಾಗಿಯೇ ಬರುತ್ತವೆ.

ಲಿನೋವನ್ನು ಕಲೆಗೆ ತಂದವರಲ್ಲಿ ಫ್ಲೈಟ್ ಮೊದಲಿಗರಲ್ಲ. ವಿಯೆನ್ನಾದಲ್ಲಿ ಫ್ರಾಂಜ್ ಚಿಝೆಕ್ ಮಕ್ಕಳ ಕಲಾತರಗತಿಯಲ್ಲಿ ಲಿನೋ ಕೊರೆಸುತ್ತಿದ್ದರು. ಜರ್ಮನಿಯ ಎರಿಕ್ ಹೆಕೆಲ್ 20ನೆಯ ಶತಮಾನದ ಮೊದಲ ವರ್ಷಗಳಲ್ಲೇ ಲಿನೋದಲ್ಲಿ ಕೆಲಸ ಮಾಡಿದರು. ಗಾಬ್ರಿಯೆಲೆ ಮ್ಯುಂಟರ್ ಅದೇ ದಶಕದಲ್ಲಿ ಬಣ್ಣದ ಲಿನೋಕಟ್‌ಗಳನ್ನೂ ಮಾಡಿದರು. ಆದರೆ ಮಕ್ಕಳ ಕೈಗೆ ಕೊಡುವ ಅಗ್ಗದ ಸಾಮಗ್ರಿ ಎಂಬ ಹೆಸರು ಅದಕ್ಕೆ ಅಂಟಿಕೊಂಡು, ಮರದಚ್ಚು ಮತ್ತು ಎಚ್ಚಿಂಗ್‌ಗಳ (ಲೋಹದ ತಗಡನ್ನು ಆಮ್ಲದಿಂದ ಕೊರೆದು ಮಾಡುವ ಮುದ್ರಣ) ಪಕ್ಕದಲ್ಲಿ ಅದನ್ನು ಕೂರಿಸಲು ಹೆಚ್ಚಿನವರು ಒಪ್ಪುತ್ತಿರಲಿಲ್ಲ. ಫ್ಲೈಟ್ ಆ ಅಗ್ಗತನವನ್ನೇ ತಮ್ಮ ವಾದವಾಗಿಸಿಕೊಂಡರು. ಬೆನ್ನಿಗೆ ಪರಂಪರೆಯ ಭಾರವಿಲ್ಲದ ವಸ್ತುವಿನಲ್ಲಿ ಹೊಸ ಕಾಲದ ಚಿತ್ರ ಹುಟ್ಟಲಿ, ಅದು ಸಾಮಾನ್ಯ ಮನೆಯವರೂ ಕೊಳ್ಳಬಹುದಾದ ಬೆಲೆಗೆ ಸಿಗಲಿ ಎಂಬುದು ಅವರ ಆಶಯವಾಗಿತ್ತು.

ಇನ್ನು ಕೊಳ್ಳುವ ವಿಚಾರ. ನಮ್ಮಲ್ಲಿ ನೆಲಹಾಸಿನ ಅಂಗಡಿಯಲ್ಲಿ ಇಂದು ಸಿಗುವ ಹೊಳಪಿನ ಹಾಳೆ ಬಹುತೇಕ ಪ್ಲಾಸ್ಟಿಕ್, ಅದನ್ನು ತರಬೇಡಿ. ಕಲಾ ಸಾಮಗ್ರಿಯ ಅಂಗಡಿಯಲ್ಲಿ ಹಿಂಭಾಗಕ್ಕೆ ಸೆಣಬಿನ ಬಟ್ಟೆ ಇರುವ, ಸುಮಾರು 3 ಮಿ.ಮೀ. ದಪ್ಪದ ಬೂದು ಅಥವಾ ಕಂದು ಲಿನೋ ಹಾಳೆಯನ್ನು ಕೇಳಿ ಪಡೆಯಿರಿ. ಅಂಚನ್ನು ಸ್ವಲ್ಪ ಬಾಗಿಸಿದಾಗ ಬಿರುಕು ಬಿಟ್ಟರೆ ಅದು ಹಳೆಯ ಸರಕು, ಉಳಿಯ ಬಾಯಿಗೆ ಪುಡಿಯಾಗುತ್ತದೆ. ಒಂದೇ ಅಳತೆಯ ನಾಲ್ಕು ತುಂಡುಗಳು ಬೇಕು. ಮೊದಲ ಪ್ರಯತ್ನಕ್ಕೆ 15 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ ಸಾಕು. ನಾಲ್ಕೂ ತುಂಡುಗಳ ಅಳತೆ ಕರಾರುವಾಕ್ಕಾಗಿ ಒಂದೇ ಆಗಿರಬೇಕು, ಮೂಲೆಗಳು ಲಂಬಕೋನದಲ್ಲಿರಬೇಕು. ಮೇಲ್ಮೈಯನ್ನು ನುಣುಪಾದ ಮರಳುಕಾಗದದಿಂದ ಹಗುರವಾಗಿ ಉಜ್ಜಿದರೆ ಜಿಡ್ಡು ಹೋಗಿ ಶಾಯಿ ಸರಿಯಾಗಿ ಹಿಡಿಯುತ್ತದೆ.

ಉಳಿಗಳಲ್ಲಿ ಕಿರಿದಾದ ವಿ ಬಾಯಿಯದೊಂದು, ಯು ಬಾಯಿಯವು ಎರಡು ಅಳತೆಗಳಲ್ಲಿ ಇದ್ದರೆ ಸಾಕು. ಫ್ಲೈಟ್ ಅವರ ವಿದ್ಯಾರ್ಥಿಗಳು ಕೊಡೆಯ ಕಡ್ಡಿಗಳನ್ನೇ ಮಸೆದು ಉಳಿ ಮಾಡಿಕೊಳ್ಳುತ್ತಿದ್ದರು. ಹಾಗಿರುವಾಗ ದುಬಾರಿ ಉಳಿಗಳಿಲ್ಲವೆಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಾಗಿಲ್ಲ. ಇವುಗಳ ಜೊತೆಗೆ ಒಂದು ರಬ್ಬರ್ ರೋಲರ್, ಶಾಯಿ ಹರಡಲು ಗಾಜಿನ ತುಂಡು, ಎಣ್ಣೆ ಆಧಾರಿತ ಮುದ್ರಣ ಶಾಯಿ, ಶಾಯಿಯನ್ನು ಪಾರದರ್ಶಕವಾಗಿಸುವ ಮಾಧ್ಯಮ, ಮರದ ಚಮಚ ಮತ್ತು ತೆಳುವಾದರೂ ಹರಿಯದ ಕಾಗದ ಬೇಕು. ಫ್ಲೈಟ್ ತೆಳ್ಳನೆಯ ಜಪಾನಿ ಕಾಗದ ಬಳಸಿದರು; ಅದು ಸಿಗದಿದ್ದರೆ ನೇಪಾಳಿ ಕೈಕಾಗದದಲ್ಲಿ ನುಣುಪಾದದ್ದನ್ನು ಆರಿಸಿಕೊಳ್ಳಬಹುದು.

ಮೂರನೆಯ ಹಂತ: ಚಿತ್ರವನ್ನು ನಾಲ್ಕು ಬಣ್ಣಗಳಾಗಿ ಒಡೆಯುವುದು

ಈ ಇಡೀ ಕೆಲಸದ ಹೃದಯಭಾಗ ಇದು. ಸಮಯದ ಅರ್ಧವನ್ನು ಇಲ್ಲಿಯೇ ಕಳೆದರೂ ನಷ್ಟವಿಲ್ಲ.

ಜಪಾನಿನ ಬಣ್ಣದ ಮರದಚ್ಚಿನಲ್ಲಿ ಮೊದಲು ರೇಖೆಯ ಅಚ್ಚು ತಯಾರಾಗುತ್ತದೆ. ಚಿತ್ರದ ಎಲ್ಲ ಹೊರರೇಖೆಗಳೂ ಅದರಲ್ಲಿರುತ್ತವೆ. ಉಳಿದ ಅಚ್ಚುಗಳು ಆ ರೇಖೆಗಳ ನಡುವಿನ ಜಾಗಕ್ಕೆ ಬಣ್ಣ ತುಂಬುತ್ತವೆ. ಇಂಗ್ಲೆಂಡಿನಲ್ಲಿ ಫ್ರಾಂಕ್ ಮಾರ್ಲೆ ಫ್ಲೆಚರ್ ಮೊದಲಾದವರು ಫ್ಲೈಟ್ ಅವರಿಗಿಂತ ಮುಂಚೆಯೇ ಈ ಜಪಾನಿ ವಿಧಾನವನ್ನು ಕಲಿತು ಕಲಿಸಿದ್ದರು. ರೇಖೆಯ ಅಚ್ಚಿನಿಂದ ಒಂದು ದೊಡ್ಡ ಅನುಕೂಲವಿದೆ: ಬಣ್ಣದ ಅಚ್ಚು ಕೂದಲೆಳೆಯಷ್ಟು ಆಚೀಚೆ ಸರಿದರೂ ಕಪ್ಪು ರೇಖೆ ಆ ತಪ್ಪನ್ನು ಮುಚ್ಚಿಬಿಡುತ್ತದೆ. ಫ್ಲೈಟ್ ಆ ಮರೆಯನ್ನು ಕಿತ್ತು ಹಾಕಿದರು. ರೇಖೆ ಎಂಬುದು ವಸ್ತುವನ್ನು ಕಟ್ಟಿ ನಿಲ್ಲಿಸುತ್ತದೆ. ಓಡುವುದನ್ನು ತೋರಿಸಲು ಹೊರಟವರಿಗೆ ಅದು ಬೇಡ. ಹೀಗಾಗಿ ಆಕಾರವನ್ನು ಕಟ್ಟುವ ಜವಾಬ್ದಾರಿ ನಾಲ್ಕೂ ಬಣ್ಣಗಳಿಗೆ ಸಮನಾಗಿ ಹಂಚಿಹೋಯಿತು. ಬಸ್ಸಿನ ಒಂದು ಅಂಚು ಕೆಂಪು ಮುಗಿಯುವಲ್ಲಿ ರೂಪುಗೊಂಡರೆ, ಇನ್ನೊಂದು ಅಂಚು ನೀಲಿ ಆರಂಭವಾಗುವಲ್ಲಿ ರೂಪುಗೊಳ್ಳಬಹುದು.

ಈಗ ನಿಮ್ಮದೇ ವಿಷಯವೊಂದನ್ನು ಆರಿಸಿ. ರೀಜೆಂಟ್ ಬೀದಿಯನ್ನು ನಕಲು ಮಾಡುವುದರಿಂದ ಕಲಿಯುವುದು ಕಡಿಮೆ. ಕಣ್ಣೆದುರು ಓಡುವ ಯಾವುದಾದರೂ ಆಗಬಹುದು; ಕಂಬಳದ ಕೆರೆಯಲ್ಲಿ ಕೋಣಗಳ ಕಾಲಿನಿಂದ ಚಿಮ್ಮುವ ಕೆಸರುನೀರಿನ ಕಮಾನುಗಳು ಈ ವಿಧಾನಕ್ಕೆ ಹೇಳಿ ಮಾಡಿಸಿದ ವಿಷಯ. ವಿವರಗಳನ್ನು ಬಿಟ್ಟು, ಇಡೀ ಚಿತ್ರವನ್ನು ಮೂರು ಅಥವಾ ನಾಲ್ಕು ದೊಡ್ಡ ಬಾಗುಗಳಲ್ಲಿ ಹಿಡಿಯಲು ನೋಡಿ. ಅಚ್ಚಿನ ಅಳತೆಗೆ ಪೆನ್ಸಿಲ್ ಚಿತ್ರ ಸಿದ್ಧವಾದ ಮೇಲೆ ನಾಲ್ಕು ಟ್ರೇಸಿಂಗ್ ಕಾಗದಗಳನ್ನು ತೆಗೆದುಕೊಂಡು, ಒಂದೊಂದರಲ್ಲಿ ಒಂದೊಂದೇ ಬಣ್ಣದ ಪ್ರದೇಶವನ್ನು ಬಣ್ಣದ ಪೆನ್ಸಿಲ್ಲಿನಿಂದ ತುಂಬಿ. ನಾಲ್ಕನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಮುಂದೆ ಬರಲಿರುವ ಮುದ್ರಣದ ಒಂದು ಅಂದಾಜು ಸಿಗುತ್ತದೆ.

ಲೆಕ್ಕ ಸ್ವಾರಸ್ಯಕರವಾಗಿದೆ. ಶಾಯಿಗಳು ಪಾರದರ್ಶಕವಾಗಿದ್ದರೆ ನಾಲ್ಕು ಅಚ್ಚುಗಳಿಂದ ಕಾಗದದ ಬಿಳಿಯೂ ಸೇರಿ 16 ಬಗೆಯ ಛಾಯೆಗಳು ಸಾಧ್ಯ. ಓಕರ್ ಮೇಲೆ ನೀಲಿ ಬಿದ್ದಲ್ಲಿ ಮಾಸಲು ಹಸಿರು, ಓಕರ್ ಮೇಲೆ ಕೆಂಪು ಬಿದ್ದಲ್ಲಿ ಕಿತ್ತಳೆಯ ಕಡೆಗೆ ವಾಲುವ ಕೆಂಪು, ಕೆಂಪಿನ ಮೇಲೆ ಪ್ರಷ್ಯನ್ ನೀಲಿ ಬಿದ್ದಲ್ಲಿ ಕಪ್ಪಿಗೆ ಹತ್ತಿರದ ಕಂದು ಹುಟ್ಟುತ್ತದೆ. ಆದರೆ ಹದಿನಾರನ್ನೂ ಬಳಸುವ ಆಸೆ ಬೇಡ. ಆರೇಳು ಛಾಯೆಗಳನ್ನು ಆರಿಸಿಕೊಂಡು, ಎಲ್ಲಕ್ಕಿಂತ ಗಾಢವಾದದ್ದನ್ನು ಚಿತ್ರದ ಒಂದೆರಡು ಕಡೆಗೆ ಮಾತ್ರ ಮೀಸಲಿಡಿ. ಬಿಳಿಯನ್ನೂ ಒಂದು ಬಣ್ಣವೆಂದೇ ಎಣಿಸಿ. ಬಿಳಿ ಬೇಕಾದ ಜಾಗವನ್ನು ನಾಲ್ಕೂ ಅಚ್ಚುಗಳಲ್ಲಿ ಕೊರೆದು ತೆಗೆಯಬೇಕಾಗುತ್ತದೆ ಎಂಬುದು ನೆನಪಿರಲಿ.

ಎರಡು ಬಣ್ಣಗಳು ಅಕ್ಕಪಕ್ಕ ಸೇರುವಲ್ಲಿ ಏನು ಮಾಡಬೇಕೆಂಬುದು ಇಲ್ಲಿನ ಕಠಿಣ ಪ್ರಶ್ನೆ. ಎರಡೂ ಕರಾರುವಾಕ್ಕಾಗಿ ತಾಗುವಂತೆ ಕೊರೆದರೆ, ಮುದ್ರಿಸುವಾಗ ಕೊಂಚ ಸರಿದರೂ ನಡುವೆ ಬಿಳಿಯ ಸೀಳೊಂದು ಕಾಣುತ್ತದೆ. ಆದ್ದರಿಂದ ತಿಳಿಬಣ್ಣದ ಪ್ರದೇಶವನ್ನು ಗಾಢಬಣ್ಣದ ಅಡಿಗೆ ಸುಮಾರು 1 ಮಿ.ಮೀ. ಚಾಚಿಕೊಳ್ಳುವಂತೆ ಬಿಡಿ. ಇಲ್ಲವಾದರೆ ಬಿಳಿಯ ಅಂತರವನ್ನು ಬೇಕೆಂದೇ ಅಗಲವಾಗಿ ಬಿಟ್ಟು, ಅದನ್ನು ಚಲನೆಯ ಗೆರೆಯಾಗಿ ಬಳಸಿ. ಇವೆರಡರ ನಡುವಿನ ಅರೆಮನಸ್ಸಿನ ದಾರಿ ಮಾತ್ರ ಕೆಡುಕು.

ನಾಲ್ಕನೆಯ ಹಂತ: ಅಚ್ಚಿಗೆ ಇಳಿಸುವುದು ಮತ್ತು ಕೊರೆಯುವುದು

ಮುದ್ರಣದಲ್ಲಿ ಎಡಬಲ ಅದಲುಬದಲಾಗುವುದರಿಂದ ಟ್ರೇಸಿಂಗ್ ಕಾಗದವನ್ನು ಮಗುಚಿ ಹಾಕಿ, ಕೆಳಗೆ ಕಾರ್ಬನ್ ಕಾಗದವಿಟ್ಟು ಲಿನೋ ಮೇಲೆ ಗೆರೆ ಎಳೆಯಿರಿ. ನಾಲ್ಕು ಅಚ್ಚುಗಳಲ್ಲಿಯೂ ಚಿತ್ರ ಒಂದೇ ಜಾಗಕ್ಕೆ ಬರಲು ಪ್ರತಿ ಬಾರಿಯೂ ಕಾಗದವನ್ನು ಅಚ್ಚಿನ ಒಂದೇ ಮೂಲೆಗೆ ತಾಗಿಸಿಯೇ ಇಳಿಸಬೇಕು. ಉಳಿಸಿಕೊಳ್ಳಬೇಕಾದ ಭಾಗವನ್ನು ಮಾರ್ಕರ್ ಪೆನ್ನಿನಿಂದ ತುಂಬಿಕೊಂಡರೆ ಕೊರೆಯುವಾಗ ಗೊಂದಲವಾಗುವುದಿಲ್ಲ.

ಲಿನೋವನ್ನು ಕೆಲವು ನಿಮಿಷ ಬಿಸಿಲಿನಲ್ಲಿಟ್ಟರೆ ಮೆದುವಾಗುತ್ತದೆ. ಮೊದಲು ಕಿರಿದಾದ ವಿ ಉಳಿಯಿಂದ ಆಕಾರದ ಅಂಚನ್ನು ಬಿಡಿಸಿ, ಆಮೇಲೆ ಅಗಲ ಬಾಯಿಯ ಉಳಿಯಿಂದ ಬೇಡದ ಜಾಗವನ್ನು ತೆಗೆಯಿರಿ. ಅಂಚಿನ ಗೋಡೆ ಹೊರಮುಖವಾಗಿ ಇಳಿಜಾರಾಗಿರಬೇಕು. ಒಳಕ್ಕೆ ಕೊರೆದರೆ ರೋಲರ್ ಉರುಳಿದಾಗ ಅಂಚು ಮುರಿದು ಬೀಳುತ್ತದೆ. ಆಳ ಹಾಳೆಯ ಅರ್ಧದಷ್ಟಿದ್ದರೆ ಸಾಕು, ಸೆಣಬಿನ ಬಟ್ಟೆ ಕಾಣುವವರೆಗೆ ಹೋಗಬಾರದು. ಬಾಗು ಬಂದಾಗ ಉಳಿ ಹಿಡಿದ ಕೈಯನ್ನು ತಿರುಗಿಸುವುದು ಸಹಜ ಪ್ರವೃತ್ತಿ. ಅದನ್ನು ಬಿಟ್ಟು, ಉಳಿಯನ್ನು ಸ್ಥಿರವಾಗಿಟ್ಟು ಇನ್ನೊಂದು ಕೈಯಿಂದ ಅಚ್ಚನ್ನೇ ನಿಧಾನವಾಗಿ ತಿರುಗಿಸುತ್ತ ಹೋದರೆ ಬಾಗು ತುಂಡಾಗದೆ ಒಂದೇ ಉಸಿರಿನಲ್ಲಿ ಬರುತ್ತದೆ. ಅಚ್ಚನ್ನು ಹಿಡಿದ ಕೈ ಯಾವಾಗಲೂ ಉಳಿಯ ಬಾಯಿಯ ಹಿಂದೆಯೇ ಇರಬೇಕು, ಎಂದೂ ಮುಂದೆ ಬರಕೂಡದು.

ಐದನೆಯ ಹಂತ: ಕಾಗದ ಮತ್ತು ಅಚ್ಚುಗಳ ಹೊಂದಾಣಿಕೆ

ದಪ್ಪ ರಟ್ಟೊಂದರ ಮೇಲೆ ಅಚ್ಚಿನ ಮೂಲೆ ಕೂರುವಂತೆ ಎಲ್ ಆಕಾರದ ಪಟ್ಟಿಯನ್ನು ಅಂಟಿಸಿ. ಅದರಿಂದ ಅಂಚಿನ ಬಿಳಿಗೆ ಬೇಕಾದಷ್ಟು ಹೊರಗೆ, ಕಾಗದದ ಮೂಲೆಗಾಗಿ ಇನ್ನೊಂದು ಎಲ್ ಪಟ್ಟಿಯನ್ನು ಅಂಟಿಸಿ. ಎಲ್ಲ ಅಚ್ಚುಗಳೂ ಮೊದಲನೆಯದರಲ್ಲಿ, ಎಲ್ಲ ಕಾಗದಗಳೂ ಎರಡನೆಯದರಲ್ಲಿ ಕೂರಬೇಕು. ಕಾಗದದ ಯಾವ ಮೂಲೆಯನ್ನು ತಾಗಿಸುತ್ತೀರೆಂದು ಹಿಂಬದಿಯಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ.

ಹೊಂದಾಣಿಕೆಯ ತಾಪತ್ರಯ ದೊಡ್ಡವರನ್ನೂ ಬಿಟ್ಟಿಲ್ಲ. ಪಿಕಾಸೊ 1958ರಲ್ಲಿ ಹಳೆಯ ಜರ್ಮನ್ ಚಿತ್ರಕಾರ ಕ್ರಾನಾಕ್‌ನ ಚಿತ್ರವನ್ನು ಆಧರಿಸಿದ ಸ್ತ್ರೀಚಿತ್ರವೊಂದನ್ನು ಬಣ್ಣಕ್ಕೊಂದು ಅಚ್ಚು ಕೊರೆದು ಮಾಡಿದರು. ಆ ಕಷ್ಟದ ನಂತರ, ಫ್ರಾನ್ಸಿನ ವಲ್ಲೊರಿಸ್ ಊರಿನ ಮುದ್ರಕ ಇದಾಲ್ಗೊ ಅರ್ನೆರಾ ಅವರ ಜೊತೆಗೂಡಿ, ಒಂದೇ ಅಚ್ಚನ್ನು ಕೊರೆಯುತ್ತ ಮುದ್ರಿಸುತ್ತ ಸಾಗುವ ವಿಧಾನಕ್ಕೆ ಹೊರಳಿದರು. ಅದರಲ್ಲಿ ಹೊಂದಾಣಿಕೆ ಸುಲಭ, ಆದರೆ ಹಿಂದಿರುಗುವ ದಾರಿಯಿಲ್ಲ. ಕೊನೆಯ ಬಣ್ಣ ಬರುವ ಹೊತ್ತಿಗೆ ಮೊದಲಿನ ಬಣ್ಣಗಳ ಅಚ್ಚು ಉಳಿದಿರುವುದಿಲ್ಲ. ಕಲಿಯುವವರಿಗೆ ಫ್ಲೈಟ್ ದಾರಿಯೇ ಮೇಲೆಂದು ನಾನು ಭಾವಿಸುತ್ತೇನೆ, ಏಕೆಂದರೆ ನಾಲ್ಕೂ ಅಚ್ಚುಗಳು ಕೈಯಲ್ಲಿರುವಾಗ ಬಣ್ಣವನ್ನೂ ಅನುಕ್ರಮವನ್ನೂ ಬದಲಿಸಿ ಮತ್ತೆ ಮತ್ತೆ ಪರೀಕ್ಷಿಸಬಹುದು.

ಆರನೆಯ ಹಂತ: ಶಾಯಿ ಹಾಕಿ ಒತ್ತುವುದು

ಶಾಯಿಗೆ ಪಾರದರ್ಶಕ ಮಾಧ್ಯಮವನ್ನು ಬೆರೆಸಿ ಗಾಜಿನ ಮೇಲೆ ತೆಳುವಾಗಿ ಹರಡಿ. ರೋಲರ್ ಉರುಳಿಸಿದಾಗ ದೋಸೆಕಲ್ಲಿನ ಮೇಲೆ ನೀರು ಚಿಮುಕಿಸಿದಾಗಿನಂಥ ಸಣ್ಣ ಚುರುಗುಟ್ಟುವ ಸದ್ದು ಬಂದರೆ ಹದ ಸರಿಯಾಗಿದೆಯೆಂದು ಅರ್ಥ. ಲೊಚಗುಟ್ಟಿದರೆ ಶಾಯಿ ಹೆಚ್ಚಾಗಿದೆ. ಅಚ್ಚಿಗೆ ಒಮ್ಮೆಗೇ ದಪ್ಪವಾಗಿ ಹಚ್ಚದೆ, ತೆಳುವಾಗಿ ಹಲವು ಸಲ ಹಚ್ಚಬೇಕು.

ಕಾಗದವನ್ನು ಎಲ್ ಪಟ್ಟಿಗೆ ತಾಗಿಸಿ ಅಚ್ಚಿನ ಮೇಲೆ ಇಳಿಬಿಟ್ಟು, ಅಂಗೈಯಿಂದ ಸವರಿ, ಬಳಿಕ ಮರದ ಚಮಚದ ಬೆನ್ನಿನಿಂದ ಸಣ್ಣ ಸುತ್ತುಗಳಲ್ಲಿ ಉಜ್ಜಿ. ಕಾಗದ ತೆಳುವಾಗಿರುವುದರಿಂದ ಶಾಯಿ ಹಿಡಿದ ಜಾಗ ಹಿಂಬದಿಯಿಂದಲೇ ಕಾಣುತ್ತದೆ. ಒಂದು ಮೂಲೆಯನ್ನು ಎತ್ತಿ ನೋಡಿ, ಸಾಲದಿದ್ದಲ್ಲಿ ಮತ್ತೆ ಉಜ್ಜಿ. ಫ್ಲೈಟ್ ಯಂತ್ರವನ್ನು ಬಿಟ್ಟು ಹೀಗೆ ಕೈಯಿಂದಲೇ ಒತ್ತಿದರು. ಒತ್ತಡ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಬಿದ್ದು ಪ್ರತಿಯಿಂದ ಪ್ರತಿಗೆ ಛಾಯೆ ಬದಲಾಗುತ್ತದೆ. ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ತಿಳಿಯಿಂದ ಗಾಢಕ್ಕೆ ಹೋಗುವುದು ವಾಡಿಕೆಯ ಅನುಕ್ರಮ: ಓಕರ್, ಕೆಂಪು, ಕೋಬಾಲ್ಟ್ ನೀಲಿ, ಕೊನೆಗೆ ಪ್ರಷ್ಯನ್ ನೀಲಿ. ಆದರೆ ಮೊದಲ ಮೂರು ನಾಲ್ಕು ಪ್ರತಿಗಳನ್ನು ಪ್ರೂಫ್ (ಪರೀಕ್ಷಾ ಪ್ರತಿ) ಎಂದೇ ಭಾವಿಸಿ ಅನುಕ್ರಮವನ್ನು ಬದಲಿಸಿ ನೋಡಿ. ನೀಲಿಯ ಮೇಲೆ ಬಿದ್ದ ಕೆಂಪು, ಕೆಂಪಿನ ಮೇಲೆ ಬಿದ್ದ ನೀಲಿಗಿಂತ ಬೇರೆಯೇ ಆಗಿರುತ್ತದೆ. ಒಂದು ಬಣ್ಣ ಪೂರ್ತಿ ಒಣಗುವ ಮೊದಲು ಇನ್ನೊಂದನ್ನು ಹಾಕಿದರೆ ಎರಡೂ ಕಲಸಿ ಮಂಕಾಗುತ್ತವೆ. ಬಯಲುಸೀಮೆಯ ಬೇಸಿಗೆಯಲ್ಲಿ ಬೇಗ ಒಣಗುವ ಶಾಯಿ ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಬಹಳ ದಿನ ಹಿಡಿಯುತ್ತದೆ. ಬೆರಳಿಗೆ ಅಂಟದಿರುವುದನ್ನು ನೋಡಿಯೇ ಮುಂದುವರಿಯಿರಿ.

ಪ್ರೂಫ್‌ನಲ್ಲಿ ಕಂಡ ಅನಗತ್ಯ ಚೂರುಗಳನ್ನು ಅಚ್ಚಿನಿಂದ ಕೊರೆದು ತೆಗೆಯಬಹುದು. ಎಲ್ಲಿಯೋ ಒಂದು ಆಕಾರ ಸ್ಪಷ್ಟವಾಗಿಲ್ಲವೆನಿಸಿ ಅದರ ಸುತ್ತ ಕಪ್ಪು ಗೆರೆ ಎಳೆಯುವ ಆಸೆ ಈ ಹಂತದಲ್ಲಿ ಹೆಚ್ಚಿನವರಿಗೆ ಬರುತ್ತದೆ. ಅದಕ್ಕೆ ಬಲಿಯಾಗದೆ, ಪಕ್ಕದ ಬಣ್ಣವನ್ನು ಗಾಢವಾಗಿಸಿ ಅಥವಾ ತಿಳಿಯಾಗಿಸಿ ಆ ಅಂಚನ್ನು ಎತ್ತಿ ತೋರಿಸಲು ಪ್ರಯತ್ನಿಸಿ.

ಏಳನೆಯ ಹಂತ: ಪ್ರತಿಗಳ ಸಂಖ್ಯೆ, ಸಹಿ, ಸಂರಕ್ಷಣೆ

ಕಲಾವಿದ ಇಯಾನ್ ಮ್ಯಾಕ್ನ್ಯಾಬ್ 1925ರಲ್ಲಿ ಲಂಡನ್ನಿನ ವಾರ್ವಿಕ್ ಚೌಕದಲ್ಲಿ ಗ್ರೋವ್ನರ್ ಸ್ಕೂಲ್ ಆಫ್ ಮಾಡರ್ನ್ ಆರ್ಟ್ ತೆರೆದರು. ಫ್ಲೈಟ್ 1926ರಿಂದ ಅಲ್ಲಿ ಲಿನೋಕಟ್ ಕಲಿಸಿದರು. ಸಿರಿಲ್ ಪವರ್, ಸಿಬಿಲ್ ಆಂಡ್ರೂಸ್, ಸ್ವಿಟ್ಜರ್ಲೆಂಡಿನ ಲಿಲ್ ಚುಡಿ, ಆಸ್ಟ್ರೇಲಿಯಾದ ಡಾರಿಟ್ ಬ್ಲ್ಯಾಕ್ ಮುಂತಾದವರು ಅವರ ಗರಡಿಯಲ್ಲಿ ಪಳಗಿದವರು. ಬ್ರಿಟಿಷ್ ಲಿನೋಕಟ್‌ಗಳ ಮೊದಲ ಪ್ರದರ್ಶನ 1929ರಲ್ಲಿ ರೆಡ್‌ಫರ್ನ್ ಗ್ಯಾಲರಿಯಲ್ಲಿ ನಡೆಯಿತು. ಮರುವರ್ಷ ನಂದಲಾಲ್ ಬೋಸ್ ಶಾಂತಿನಿಕೇತನದಲ್ಲಿ ದಂಡಿಯಾತ್ರೆಯ ಗಾಂಧೀಜಿಯನ್ನು ಲಿನೋದಲ್ಲಿ ಕೊರೆದರು. ಅದು ಕಪ್ಪು ಬಿಳುಪಿನ ಬೇರೆಯೇ ದಾರಿ, ಅಲ್ಲಿ ಒಂದೇ ಅಚ್ಚಿಗೆ ಇಡೀ ಚಿತ್ರದ ಹೊಣೆ. ಲಂಡನ್ನಿನ ಗುಂಪು ಎರಡನೆಯ ಮಹಾಯುದ್ಧದ ಹೊತ್ತಿಗೆ ಚದುರಿ ಮರೆಯಾಯಿತು, 1970ರ ದಶಕದಿಂದ ಮತ್ತೆ ಬೆಳಕಿಗೆ ಬಂತು. ಅಗ್ಗವಾಗಿ ಎಲ್ಲರಿಗೂ ದಕ್ಕಲಿ ಎಂದು ಮಾಡಿದ ಆ ಚಿತ್ರಗಳು ಈಗ ಹರಾಜಿನಲ್ಲಿ ಸಾವಿರಾರು ಪೌಂಡುಗಳಿಗೆ ಹೋಗುತ್ತಿರುವುದನ್ನು ಕಂಡಿದ್ದರೆ ಫ್ಲೈಟ್ ಏನೆನ್ನುತ್ತಿದ್ದರೋ.

ಆ ಗುಂಪಿನವರು ಒಂದು ಚಿತ್ರದ ಪ್ರತಿಗಳನ್ನು ಹೆಚ್ಚಾಗಿ 50 ಅಥವಾ 60ಕ್ಕೆ ಮಿತಿಗೊಳಿಸುತ್ತಿದ್ದರು. ಮೊದಲ ಪ್ರಯತ್ನಕ್ಕೆ 8 ಅಥವಾ 10 ಸಾಕು. ಕೆಡುವವುಗಳಿಗಾಗಿ ಮೂರು ನಾಲ್ಕು ಕಾಗದಗಳನ್ನು ಹೆಚ್ಚಿಗೆ ಇಟ್ಟುಕೊಂಡೇ ಮೊದಲ ಬಣ್ಣ ಆರಂಭಿಸಿ, ಏಕೆಂದರೆ ನಡುವೆ ಹೊಸ ಕಾಗದ ಸೇರಿಸಲು ಬರುವುದಿಲ್ಲ. ಒಣಗಿದ ಪ್ರತಿಗಳ ಮೇಲೆ ಪೆನ್ಸಿಲ್ಲಿನಿಂದ ಪ್ರತಿಯ ಕ್ರಮಸಂಖ್ಯೆಯನ್ನೂ ಒಟ್ಟು ಸಂಖ್ಯೆಯನ್ನೂ 3/10 ಎಂಬಂತೆ ಬರೆದು ಸಹಿ ಮಾಡಿ. ಅಚ್ಚುಗಳನ್ನು ಅಡುಗೆ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ಉಳಿದ ಜಿಡ್ಡನ್ನು ಸಾಬೂನುನೀರಿನಿಂದ ತೆಗೆದು, ಸುರುಳಿ ಸುತ್ತದೆ ಚಪ್ಪಟೆಯಾಗಿ, ನೇರ ಬಿಸಿಲು ತಾಗದಲ್ಲಿ ಇಡಿ. ಪ್ರತಿಗಳ ನಡುವೆ ತೆಳುಕಾಗದ ಹಾಕಿ ಜೋಡಿಸಿಡುವುದು ಒಳ್ಳೆಯದು. ಶಾಯಿ ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಕೆಲವು ವಾರಗಳವರೆಗೆ ಎದುರಿನ ಹಾಳೆಗೆ ಅಂಟುವ ಸಾಧ್ಯತೆ ಇದ್ದೇ ಇರುತ್ತದೆ.